ಕೆರೆ ಅಂತ ಹುಡುಕಿದರೆ ಯಕ್ಷಗಾನ ಬಂತು: ನಮ್ಮ ಲೈಬ್ರರಿ ಕ್ಯಾಟಲಾಗಿನಲ್ಲಿ ವಿಷಯ ಹಿಡಿದು ಹುಡುಕಿದ ಅನುಭವ

ನಮ್ಮೂರ ಶಾಲೆಯ ಮಕ್ಕಳಿಗಾಗಿ ನಮ್ಮ ಕೆರೆಯ ಮೇಲೆ ಒಂದು ಸಣ್ಣ ಪುಸ್ತಕ ಬರೆದುಕೊಡುತ್ತೇನೆ ಎಂದು ಹೋದ ವರ್ಷ ಒಪ್ಪಿಕೊಂಡೆ. ನಮ್ಮಪ್ಪ ಊರಿನ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವುದು ಅವರ ಕೆಲಸ. ತಾತನದೂ ಅದೇ ಕೆಲಸ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಪಾಲಿನ ಭತ್ತ, ರಾಗಿ ತರುತ್ತಿದ್ದರು. ಅಪ್ಪ ಹೇಳಿದ್ದನ್ನೆಲ್ಲ ಕೇಳಿ ಕೇಳಿ ಎರಡು ನೋಟ್‌ಬುಕ್ ತುಂಬಿಸಿದೆ.

ಆದರೆ ಅಷ್ಟೇ ಸಾಲದು ಅಲ್ವಾ? ಬೇರೆ ಊರುಗಳಲ್ಲಿ ನೀರು ಹಂಚುವ ಪದ್ಧತಿ ಹೇಗಿತ್ತು? ಇಂಥ ಕೆರೆಗಳನ್ನು ಯಾರು ಕಟ್ಟಿಸಿದರು? ಹೂಳು ತೆಗೆಸುವ ಖರ್ಚನ್ನು ಯಾರು ಕೊಡುತ್ತಿದ್ದರು? ಇದಕ್ಕೆಲ್ಲ ಪುಸ್ತಕ ಬೇಕಿತ್ತು. ಯಾವ ಪುಸ್ತಕ ಅಂತ ಗೊತ್ತಿರಲಿಲ್ಲ. ಬರೆದವರು ಯಾರು ಅಂತಲೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ವಿಷಯ ಮಾತ್ರ.

ಹಾಗಾಗಿ ಎಂಟು ಶನಿವಾರ ಒಂದು ದೊಡ್ಡ ಲೈಬ್ರರಿಯ ಕ್ಯಾಟಲಾಗ್ ಕಂಪ್ಯೂಟರಿನ ಮುಂದೆ ಕೂತೆ. ಆ ಲೈಬ್ರರಿಯ ಹೆಸರು ಬರೆಯುವುದಿಲ್ಲ. ಅಲ್ಲಿನವರು ನನಗೆ ತುಂಬಾ ಸಹಾಯ ಮಾಡಿದ್ದಾರೆ, ಮತ್ತು ಅಲ್ಲಿ ಕಂಡ ತೊಂದರೆ ಅವರೊಬ್ಬರದಲ್ಲ. ನನ್ನ ಹಾಗೆ ವಿಷಯ ಒಂದನ್ನೇ ಹಿಡಿದುಕೊಂಡು ಹೋಗುವವರಿಗೆ ಈ ಸೇವೆ ಎಷ್ಟು ಒದಗುತ್ತದೆ ಎಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಕ್ಯಾಟಲಾಗ್ ನಡೆಯುವುದು ಕೋಹಾ ಎಂಬ ತಂತ್ರಾಂಶದಲ್ಲಿ. ನ್ಯೂಜಿಲೆಂಡಿನ ಒಂದು ಊರಿನ ಲೈಬ್ರರಿಗಾಗಿ ಮಾಡಿದ್ದು, 2000ನೇ ಇಸವಿಯಿಂದ ಬಳಕೆಯಲ್ಲಿದೆ. ಕೋಹಾ ಅಂದರೆ ಅಲ್ಲಿನ ಮಾವೊರಿ ಭಾಷೆಯಲ್ಲಿ ಉಡುಗೊರೆ. ಹೆಸರಿಗೆ ತಕ್ಕ ಹಾಗೆ ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ನಮ್ಮ ಕಡೆ ಎಷ್ಟೋ ಕಾಲೇಜುಗಳಲ್ಲಿ ಇರುವುದೂ ಇದೇ. ಪರದೆ ಸರಳವಾಗಿದೆ, ಬೇಗ ತೆರೆದುಕೊಳ್ಳುತ್ತದೆ, ಕನ್ನಡದಲ್ಲಿ ಟೈಪ್ ಮಾಡಬಹುದು. ಅಷ್ಟರ ಮಟ್ಟಿಗೆ ಒಳ್ಳೆಯದೇ.

ಮೊದಲ ದಿನ ಸುಮ್ನೆ ‘ಕೆರೆ’ ಎಂದು ಬರೆದು ಒತ್ತಿದೆ. ಹದಿನಾಲ್ಕು ಪುಸ್ತಕ ಬಂದವು. ಮೂರು ಕಾದಂಬರಿ, ಎರಡು ಕವನ ಸಂಕಲನ. ಕೆರೆಗೆ ಬಲಿಯಾದ ಸೊಸೆಯ ಜನಪದ ಹಾಡಿನ ಮೇಲೂ ಒಂದಷ್ಟು. ತೂಬಿನ ಮಾತು ಎಲ್ಲೂ ಇರಲಿಲ್ಲ.

ಯಾಕೆ ಹೀಗೆ ಅಂತ ಆಮೇಲೆ ತಿಳಿಯಿತು. ಅದು ಪುಸ್ತಕದ ಒಳಗೆ ಹುಡುಕುವುದಿಲ್ಲ. ಹೆಸರು, ಬರೆದವರು, ಪ್ರಕಾಶಕರು, ದಾಖಲೆಯಲ್ಲಿ ಟೈಪ್ ಮಾಡಿರುವ ನಾಲ್ಕು ಸಾಲು, ಇಷ್ಟರಲ್ಲೇ ಹುಡುಕುತ್ತದೆ. ಅದೂ ಅಕ್ಷರಕ್ಕೆ ಅಕ್ಷರ ಕೂಡಬೇಕು. ನಮಗೆ ಕೆರೆ, ಕೆರೆಯ, ಕೆರೆಗೆ, ಕೆರೆಗಳು ಎಲ್ಲ ಒಂದೇ ಪದ. ಅದಕ್ಕೆ ನಾಲ್ಕೂ ಬೇರೆ ಬೇರೆ. ಪದದ ಕೊನೆಗೆ ಒಂದು ನಕ್ಷತ್ರದ ಗುರುತು ಹಾಕಿದರೆ ‘ಕೆರೆ’ಯಿಂದ ಶುರುವಾಗುವ ಪದಗಳೆಲ್ಲ ಬರುತ್ತವೆ ಎಂದು ಪಕ್ಕದಲ್ಲಿದ್ದ ಎಂ.ಎ. ಹುಡುಗಿ ತೋರಿಸಿಕೊಟ್ಟಳು. ಹಾಕಿದೆ. ನಲವತ್ತು ದಾಟಿತು. ಅದರಲ್ಲಿ ಒಂದಷ್ಟು ಯಕ್ಷಗಾನದ ಪುಸ್ತಕಗಳು. ಕೆರೆಮನೆ ಶಿವರಾಮ ಹೆಗಡೆ, ಶಂಭು ಹೆಗಡೆಯವರ ಕೆರೆಮನೆ. ಅದೂ ಕೆರೆಯಿಂದಲೇ ಶುರುವಾಗುವ ಪದವಲ್ಲವೇ! ಇತ್ತ ಅರಸೀಕೆರೆ ಬರುವುದಿಲ್ಲ, ಕೆರೆ ಕೊನೆಯಲ್ಲಿದೆ. ದಾವಣಗೆರೆ ಅಂತೂ ಬರುವುದೇ ಇಲ್ಲ, ಸಂಧಿಯಾಗಿ ‘ಗೆರೆ’ ಆಗಿದೆ.

ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎಂದು ಹಾಕಿ ನೋಡಿದೆ. ಸರ್ಕಾರಿ ಕಡತಗಳಲ್ಲಿ ನಮ್ಮ ಕೆರೆಗೆ ಇಂದಿಗೂ ಅದೇ ಹೆಸರು. ಯುದ್ಧದ ಟ್ಯಾಂಕ್ ಬಂತು, ಕೊಳಚೆ ಟ್ಯಾಂಕ್ ಬಂತು, ಎಣ್ಣೆ ತುಂಬಿಡುವ ಟ್ಯಾಂಕ್ ಬಂತು.

ಪದ ಹುಡುಕುವುದು ಬೇರೆ, ವಿಷಯ ಹುಡುಕುವುದು ಬೇರೆ ಎಂದು ಮನಸ್ಸಿಗೆ ಹತ್ತಿದ್ದು ಆ ದಿನವೇ. ಹುಡುಕುವ ಪೆಟ್ಟಿಗೆಯ ಎಡಗಡೆ ಒಂದು ಪಟ್ಟಿ ಇರುತ್ತದೆ: ಶೀರ್ಷಿಕೆ, ಲೇಖಕ, ವಿಷಯ, ಕಾಲ್ ನಂಬರ್ (ಪುಸ್ತಕ ರ್ಯಾಕಿನಲ್ಲಿ ಎಲ್ಲಿದೆ ಎಂದು ಹೇಳುವ ನಂಬರು). ಅಲ್ಲಿ ‘ವಿಷಯ’ ಆರಿಸಿಕೊಂಡರೆ ಪುಸ್ತಕದ ಹೆಸರಿನಲ್ಲಿ ಏನಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಆ ಪುಸ್ತಕವನ್ನು ಕೈಗೆತ್ತಿಕೊಂಡು ನೋಡಿದವರು ‘ಇದು ಇಂಥದ್ದರ ಬಗ್ಗೆ’ ಎಂದು ಬರೆದಿಟ್ಟ ಪದವಷ್ಟೇ ಲೆಕ್ಕ. ಅದನ್ನು ವಿಷಯ ಶೀರ್ಷಿಕೆ ಅನ್ನುತ್ತಾರೆ. ಹಾಗಾಗಿ ನನ್ನ ಮನಸ್ಸಿನಲ್ಲಿರುವ ಪದ ಯಾವುದು ಅನ್ನುವುದು ಮುಖ್ಯವಲ್ಲ. ಬರೆದಿಟ್ಟವರು ಯಾವ ಪದ ಬರೆದರು ಅನ್ನುವುದು ಮುಖ್ಯ.

ವಿಷಯದಲ್ಲಿ ‘ಕೆರೆ’ ಎಂದು ಹಾಕಿದೆ: ಸೊನ್ನೆ. ‘ನೀರಾವರಿ’: ಒಂಬತ್ತು. ಇಂಗ್ಲಿಷಿನಲ್ಲಿ ‘ಇರಿಗೇಶನ್’: ನೂರ ನಲವತ್ತರ ಮೇಲೆ!

ಎದ್ದು ಹೋಗಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ವಿಭಾಗದವರನ್ನು ಕೇಳಿದೆ. ಅಲ್ಲಿದ್ದವರು ನಿವೃತ್ತಿಗೆ ಹತ್ತಿರವಿದ್ದ ಹಿರಿಯರು. ತಾಳ್ಮೆಯಿಂದ ಹೇಳಿದರು: “ಇಂಗ್ಲಿಷ್ ಪುಸ್ತಕ ಬಂದ್ರೆ ಬೇರೆ ದೊಡ್ಡ ಲೈಬ್ರರಿ ಮಾಡಿಟ್ಟ ದಾಖಲೆನ ಹಾಗೇ ಇಳಿಸ್ಕೋತೀವಿ ಮೇಡಂ. ವಿಷಯ ಎಲ್ಲ ಅದರ ಜೊತೇಲೇ ಬರುತ್ತೆ. ಕನ್ನಡ ಪುಸ್ತಕಕ್ಕೆ ಆ ಅನುಕೂಲ ಇಲ್ಲ. ಒಂದೊಂದನ್ನೂ ಇಲ್ಲೇ ಕೂತು ಟೈಪ್ ಮಾಡಬೇಕು. ದಿನಕ್ಕೆ ನೂರು ಪುಸ್ತಕ ಮುಂದಿದ್ದಾಗ ವಿಷಯದ ಜಾಗಕ್ಕೆ ಬಂದಾಗ ‘ಕನ್ನಡ ಸಾಹಿತ್ಯ’ ಅಂತ ಹಾಕಿ ಮುಂದಕ್ಕೆ ಹೋಗಿಬಿಡ್ತೀವಿ.”

ನೋಡಿದರೆ ನಿಜ. ಕೆರೆ ಹೂಳೆತ್ತುವ ಬಗ್ಗೆ ಇರುವ ಒಂದು ಕನ್ನಡ ಪುಸ್ತಕದ ವಿಷಯ ‘ಕನ್ನಡ ಸಾಹಿತ್ಯ’ ಎಂದಿತ್ತು. ಇನ್ನೊಂದಕ್ಕೆ ‘ಜನರಲ್’. ಮತ್ತೊಂದಕ್ಕೆ ಏನೂ ಇಲ್ಲ. ಹಳೆಯ ಕೆಲವು ದಾಖಲೆಗಳನ್ನು, ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಒಂದೇ ರೀತಿ ಕಾಣುವ ಯೂನಿಕೋಡ್ ರೂಢಿಗೆ ಬರುವ ಮೊದಲಿನ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರಂತೆ. ಅವು ಪರದೆಯ ಮೇಲೆ ತಲೆಗೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪುಸ್ತಕ ಬೀರುವಿನಲ್ಲಿದೆ, ದಾಖಲೆ ಕಂಪ್ಯೂಟರಿನಲ್ಲಿದೆ, ಆದರೂ ಯಾರು ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಇದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಯಾರೋ ವರ್ಷಗಟ್ಟಲೆ ಊರೂರು ಸುತ್ತಿ ಬರೆದಿರುತ್ತಾರೆ.

ಆ ಹಿರಿಯರು ಆವತ್ತು ಕಲಿಸಿಕೊಟ್ಟ ದಾರಿಯೇ ಈ ಬರಹದಲ್ಲಿ ಎಲ್ಲಕ್ಕಿಂತ ಉಪಯೋಗದ ಭಾಗ. “ಪದ ಊಹೆ ಮಾಡೋಕೆ ಹೋಗ್ಬೇಡಿ. ನಿಮಗೆ ಬೇಕಾದಂಥ ಒಂದೇ ಒಂದು ಪುಸ್ತಕ ಹೇಗಾದರೂ ಹಿಡ್ಕೊಳ್ಳಿ. ಆಮೇಲೆ ಅದರ ಬಾಲ ಹಿಡ್ಕೊಂಡು ಹೋಗಿ” ಎಂದರು.

ಹಾಗೇ ಮಾಡಿದೆ. ಕರ್ನಾಟಕದ ಕೆರೆಗಳ ಮೇಲಿನ ಒಂದು ಇಂಗ್ಲಿಷ್ ಪುಸ್ತಕದ ಹೆಸರು ಮೊದಲೇ ಕಿವಿಗೆ ಬಿದ್ದಿತ್ತು. ಅದನ್ನು ಹೆಸರಿನಿಂದ ಹುಡುಕಿ ದಾಖಲೆ ತೆರೆದೆ. ಕೆಳಗೆ ನೀಲಿ ಅಕ್ಷರದಲ್ಲಿ ವಿಷಯ ಶೀರ್ಷಿಕೆಗಳಿದ್ದವು: ‘ಇರಿಗೇಶನ್, ಇಂಡಿಯಾ, ಕರ್ನಾಟಕ’. ನಡುವೆ ಅಡ್ಡಗೆರೆಗಳು. ಅದರ ಮೇಲೆ ಒತ್ತಿದೆ. ಅದೇ ಶೀರ್ಷಿಕೆಯ ಅಷ್ಟೂ ಪುಸ್ತಕ ಸಾಲಾಗಿ ಬಂದವು. ನಾನು ಕನಸಿನಲ್ಲೂ ನೆನೆಯದ ಹೆಸರುಗಳು! ಒಂದೊಂದನ್ನೂ ತೆರೆದು ಅದರ ಬೇರೆ ಶೀರ್ಷಿಕೆಗಳನ್ನು ನೋಡುತ್ತಾ ಹೋದರೆ ಇನ್ನೊಂದು ಕವಲು, ಮತ್ತೊಂದು ಕವಲು. ಆವತ್ತು ಮಧ್ಯಾಹ್ನ ಊಟಕ್ಕೆ ಏಳಲೇ ಇಲ್ಲ.

ಅದೇ ದಾಖಲೆಯಲ್ಲಿ ಕಾಲ್ ನಂಬರಿನ ಪಕ್ಕ ‘ಬ್ರೌಸ್ ಶೆಲ್ಫ್’ ಎಂಬ ಕೊಂಡಿ ಇದೆ. ಒತ್ತಿದರೆ ಆ ಪುಸ್ತಕದ ಎಡಕ್ಕೆ, ಬಲಕ್ಕೆ ಯಾವ ಪುಸ್ತಕ ಇವೆ ಎಂದು ತೋರಿಸುತ್ತದೆ. ರ್ಯಾಕಿನ ಮುಂದೆ ನಿಂತ ಹಾಗೆ. ಕೋಹಾದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ವಿಷಯದ ಪದ ತಪ್ಪಾಗಿದ್ದರೂ ನಂಬರು ಸರಿಯಾಗಿದ್ದರೆ ಪುಸ್ತಕ ಇಲ್ಲಿ ಸಿಕ್ಕಿಬೀಳುತ್ತದೆ.

ನಂಬರಿನ ವಿಚಾರವನ್ನೂ ಸ್ವಲ್ಪ ಹೇಳಬೇಕು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಾಂಶ ಪದ್ಧತಿಯ ನಂಬರುಗಳು ಇವು. ನಮಗೆ ಕೆರೆ ಒಂದೇ. ಆ ಪದ್ಧತಿಯಲ್ಲಿ ಅದು ಹತ್ತು ಕಡೆ ಚದುರಿದೆ. ಕಾಲುವೆ ತೋಡುವ ಎಂಜಿನಿಯರಿಂಗ್ 627.52, ಕಟ್ಟೆ ಮತ್ತು ಜಲಾಶಯ 627.8, ಹೊಲಕ್ಕೆ ನೀರು ಹಾಯಿಸುವುದು 631.587, ನೀರನ್ನು ಸಂಪತ್ತಾಗಿ ನೋಡುವ ಅರ್ಥಶಾಸ್ತ್ರ 333.91, ಕೆರೆಯ ಜನಪದ ಕಥೆ 398.2, ಕರ್ನಾಟಕದ ಇತಿಹಾಸ 954.87. ಕೆರೆಯ ಮೇಲಿನ ಕನ್ನಡ ಕವಿತೆ 894.814ರಲ್ಲಿ. ನಮ್ಮ ಲೈಬ್ರರಿಯಲ್ಲಿ ಇವು ಎರಡು ಮಹಡಿಯಲ್ಲಿ ಹರಡಿಕೊಂಡಿವೆ. ರ್ಯಾಕಿನ ಮುಂದೆ ಎಷ್ಟು ಹೊತ್ತು ನಿಂತರೂ ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ. ಚದುರಿದ್ದನ್ನು ಒಂದು ಕಡೆ ಕೂಡಿಸಿ ತೋರಿಸುವ ಕೆಲಸ ಕ್ಯಾಟಲಾಗಿನ ವಿಷಯದ ಹುಡುಕಾಟದ್ದು. ಅದು ಸೋತರೆ ಓದುಗರಿಗೆ ಬೇರೆ ದಿಕ್ಕಿಲ್ಲ.

ನಾಲ್ಕನೇ ಶನಿವಾರ ಆ ಹಿರಿಯರೇ ಹೇಳಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ಯಾಟಲಾಗ್ ನೋಡಿದೆ. ಮನೆಯಲ್ಲಿ ಕೂತು ಮೊಬೈಲಿನಲ್ಲೇ ನೋಡಬಹುದು, ದುಡ್ಡಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ವಾಷಿಂಗ್ಟನ್ನಿನಲ್ಲಿ ಕನ್ನಡ ಪುಸ್ತಕ ಏನಿರುತ್ತದೆ ಅಂದುಕೊಂಡಿದ್ದೆ. ಅವರು 1962ರಲ್ಲೇ ದೆಹಲಿಯಲ್ಲಿ ಕಚೇರಿ ತೆರೆದು ನಮ್ಮ ಭಾಷೆಗಳ ಪುಸ್ತಕ ಕೊಂಡು ಕಳಿಸುತ್ತಾ ಬಂದಿದ್ದಾರೆ. ಒಂದೊಂದು ಪುಸ್ತಕಕ್ಕೂ ವಿಷಯ ಶೀರ್ಷಿಕೆ ಕೊಟ್ಟಿದ್ದಾರೆ. ಯುದ್ಧದ ಟ್ಯಾಂಕಿಗೆ ‘ಮಿಲಿಟರಿ ಸೈನ್ಸ್’ ಎಂಬ ಬಾಲ ಹಚ್ಚಿ ಬೇರೆಯೇ ಇಟ್ಟಿದ್ದಾರೆ. ಅಷ್ಟು ನಿಗಾ.

ಅಲ್ಲಿ ಹುಡುಕುವವರಿಗೆ ಎರಡು ಮಾತು. ಒಂದು, ಭಾಷೆಯ ಹೆಸರು ಹಲವು ಕಡೆ ಕೊನೆಗೆ ಬರುತ್ತದೆ. ಕನ್ನಡ ಶಾಸನ ಬೇಕಿದ್ದರೆ ‘ಇನ್‌ಸ್ಕ್ರಿಪ್ಶನ್ಸ್, ಕನ್ನಡ’, ಜನಪದ ಹಾಡು ಬೇಕಿದ್ದರೆ ‘ಫೋಕ್ ಸಾಂಗ್ಸ್, ಕನ್ನಡ’. ಎರಡು, ಕನ್ನಡ ಪುಸ್ತಕದ ಹೆಸರನ್ನು ಅವರು ತಮ್ಮದೇ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಇಳಿಸುತ್ತಾರೆ. ದೀರ್ಘಕ್ಕೆ ಮೇಲೊಂದು ಗೆರೆ, ಳ-ಕಾರಕ್ಕೆ ಕೆಳಗೊಂದು ಚುಕ್ಕಿ. ಹುಡುಕುವಾಗ ಗೆರೆ, ಚುಕ್ಕಿ ಬಿಟ್ಟರೂ ನಡೆಯುತ್ತದೆ. ಆದರೆ ಚ-ಕಾರಕ್ಕೆ ‘ಸಿ’ ಒಂದೇ ಅಕ್ಷರ. ‘ಸಿ-ಎಚ್’ ಹಾಕಿದರೆ ಅದು ಛ ಆಗುತ್ತದೆ. ಶ-ಕಾರಕ್ಕೆ ‘ಎಸ್’ ಒಂದೇ, ‘ಎಸ್-ಎಚ್’ ಅಲ್ಲ. ಇದು ಗೊತ್ತಿಲ್ಲದೆ ‘ಶಾಸನ’, ‘ಚರಿತ್ರೆ’ ಎಂದು ನಮ್ಮ ರೂಢಿಯಂತೆ ಬರೆದು ಬರಿಗೈಯಲ್ಲಿ ಒಂದು ಸಂಜೆ ಕಳೆದೆ. ಆ ಸಂಜೆ ನಿಮಗಾದರೂ ಉಳಿಯಲಿ.

ಅಲ್ಲಿ ವಿಷಯದ ಬಾಲ ಹಿಡಿದು ಹೋದಾಗ ಕೆರೆಗಳ ಮೇಲಿನ ಒಂದು ಹಳೆಯ ಇಲಾಖಾ ವರದಿಯ ಹೆಸರು ಸಿಕ್ಕಿತು. ಆ ಹೆಸರನ್ನು ಬರೆದುಕೊಂಡು ಬಂದು ನಮ್ಮ ಲೈಬ್ರರಿಯ ಕ್ಯಾಟಲಾಗಿನಲ್ಲಿ ಶೀರ್ಷಿಕೆಯಿಂದ ಹುಡುಕಿದೆ. ಇತ್ತು! ನಾನು ನಾಲ್ಕು ವಾರದಿಂದ ಕೂರುತ್ತಿದ್ದ ಕುರ್ಚಿಯಿಂದ ಮೂರನೇ ರ್ಯಾಕ್. ಅದರ ವಿಷಯದ ಜಾಗದಲ್ಲಿ ‘ಜನರಲ್’ ಎಂದಿತ್ತು. ಪುಸ್ತಕ ತೆರೆದರೆ ಧೂಳು ಅಂಗೈಗೆ ಅಂಟಿತು. ಒಳಗೆ ಒಂದು ತೂಬಿನ ಅಡ್ಡಕೊಯ್ತದ ಚಿತ್ರ. ಎರಡು ಕಲ್ಲುಕಂಬ, ನಡುವೆ ತೂತಿರುವ ಅಡ್ಡಕಲ್ಲು, ತೂತಿನೊಳಗೆ ಇಳಿಯುವ ಮರದ ಗೂಟ. ನಮ್ಮಪ್ಪ ಎದೆಮಟ್ಟದ ನೀರಿಗಿಳಿದು ಎತ್ತುತ್ತಿದ್ದ ಗೂಟ ಅದೇ. ಫೋಟೋ ತೆಗೆದುಕೊಂಡು ಹೋಗಿ ತೋರಿಸಿದಾಗ ಅಪ್ಪ ಮೊಬೈಲನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು. “ಗೂಟಕ್ಕೆ ಸುತ್ತೋ ಹುಲ್ಲು ಬರ್ದಿಲ್ಲ ಇವ್ರು” ಎಂದರು.

ವಿಷಯ ಹಿಡಿದು ಹುಡುಕಿದರೂ ಸಿಗದೇ ಇರುವುದು ಏನು ಅಂತಲೂ ತಿಳಿದಿರಬೇಕು. ಲೈಬ್ರರಿ ಆಫ್ ಕಾಂಗ್ರೆಸ್ಸಿನವರ ನಿಯಮದ ಪ್ರಕಾರ ಒಂದು ಸಂಗತಿ ಪುಸ್ತಕದಲ್ಲಿ ಕನಿಷ್ಠ ಶೇ. 20 ಭಾಗ ಇದ್ದರೆ ಮಾತ್ರ ಅದಕ್ಕೆ ಶೀರ್ಷಿಕೆ. ಅಂದರೆ ಮುನ್ನೂರು ಪುಟದ ಪುಸ್ತಕದಲ್ಲಿ ಕೆರೆಯ ಬಗ್ಗೆ ಮೂವತ್ತು ಪುಟದ ಚೆಂದದ ಅಧ್ಯಾಯ ಇದ್ದರೂ ಕ್ಯಾಟಲಾಗ್ ಅದನ್ನು ಹೇಳುವುದಿಲ್ಲ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಓಡಾಡಿ ಬರೆದ ಪ್ರವಾಸದ ಮೂರು ಸಂಪುಟ 1807ರಲ್ಲಿ ಅಚ್ಚಾಯಿತು. ಅದರಲ್ಲಿ ಕೆರೆಗಳ ಮಾತು ಅಲ್ಲಲ್ಲಿ ಬರುತ್ತದೆ. ಕ್ಯಾಟಲಾಗಿನಲ್ಲಿ ಅದು ಪ್ರವಾಸದ ಪುಸ್ತಕ ಅಷ್ಟೇ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳೂ ಹಾಗೆಯೇ. ಶಾಸನಗಳನ್ನು ಜಿಲ್ಲೆ, ತಾಲ್ಲೂಕಿನ ಪ್ರಕಾರ ಜೋಡಿಸಿದ್ದಾರೆ. ನಮ್ಮ ತುಮಕೂರಿಗೆ 12ನೇ ಸಂಪುಟ. ಕೆರೆ ನೋಡಿಕೊಳ್ಳುವವರಿಗೆ ಬಿಟ್ಟ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ಯ ಭೂಮಿಯ ಮಾತು ಶಾಸನಗಳಲ್ಲಿ ಬರುತ್ತದೆ. ಹೂಳು ತೆಗೆಸುವ ಖರ್ಚು ಯಾರದ್ದು ಎಂಬ ನನ್ನ ಪ್ರಶ್ನೆಗೆ ಉತ್ತರದ ಜಾಡು ಸಿಕ್ಕಿದ್ದು ಅಲ್ಲಿ, ಪುಟ ತಿರುವಿ ತಿರುವಿ. ಕ್ಯಾಟಲಾಗ್ ಬೀರುವಿನವರೆಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿಂದ ಮುಂದೆ ಪುಸ್ತಕದ ಹಿಂದಿನ ಪದಸೂಚಿ ನೋಡಲೇಬೇಕು.

ನಮ್ಮ ಲೈಬ್ರರಿಯ ವಿಷಯ ಹುಡುಕಾಟಕ್ಕೆ ಇಂಗ್ಲಿಷ್ ಪುಸ್ತಕಗಳ ಮಟ್ಟಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕನ್ನಡ ಪುಸ್ತಕಗಳ ಮಟ್ಟಿಗೆ ಒಂದೂವರೆ. ಬೇಸರದಿಂದಲೇ ಕೊಡುತ್ತಿದ್ದೇನೆ. ತಂತ್ರಾಂಶದ ತಪ್ಪಿಲ್ಲ. ಅದರಲ್ಲಿ ‘ಕೆರೆ’ ಎಂದು ಹುಡುಕಿದವರನ್ನು ‘ನೀರಾವರಿ’ಗೂ ಕರೆದೊಯ್ಯುವ ಹಾಗೆ ಪದಕ್ಕೆ ಪದ ಜೋಡಿಸಿಡುವ ಸೌಲಭ್ಯ ಇದೆ. ಜೋಡಿಸುವುದಕ್ಕೆ ಜನ ಬೇಕು, ಸಮಯ ಬೇಕು. ಎಲ್ಲ ಲೈಬ್ರರಿಯವರೂ ಒಪ್ಪಿ ಬಳಸುವ ಕನ್ನಡ ವಿಷಯ ಪದಗಳ ಒಂದು ಪಟ್ಟಿ ಬೇಕು. ಇಲ್ಲದಿದ್ದರೆ ಒಬ್ಬರು ‘ಕೃಷಿ’ ಅಂತಾರೆ, ಒಬ್ಬರು ‘ಬೇಸಾಯ’, ಇನ್ನೊಬ್ಬರು ‘ವ್ಯವಸಾಯ’. ಮೂರು ಕಡೆ ಹುಡುಕುವ ಕೆಲಸ ಓದುಗರ ತಲೆಗೆ ಬೀಳುತ್ತದೆ.

ಇದು ಆಗದ ಕೆಲಸವೇನಲ್ಲ. ಓದುಗರ ಸಮಯ ಉಳಿಸಬೇಕು ಎಂಬುದನ್ನು 1931ರಲ್ಲೇ ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದಾಗಿ ಬರೆದವರು ಎಸ್.ಆರ್. ರಂಗನಾಥನ್. ವಿಷಯ ಶೀರ್ಷಿಕೆಯನ್ನು ಊಹೆಯ ಮೇಲೆ ಬಿಡದೆ ಪುಸ್ತಕದ ವರ್ಗೀಕರಣದ ನಂಬರಿನಿಂದಲೇ ಕೊಂಡಿ ಕೊಂಡಿಯಾಗಿ ಬಿಡಿಸಿ ತೆಗೆಯುವ ದಾರಿಯನ್ನೂ ಅವರು ಹಾಕಿಕೊಟ್ಟರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಈ ವಿದ್ಯೆಗೆಂದೇ ಅಲ್ಲಿ ಸಂಸ್ಥೆ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರು ಬದುಕಿದ್ದ ನಾಡಿನ ಭಾಷೆಯಲ್ಲೇ ವಿಷಯ ಹುಡುಕಲು ಇಷ್ಟು ಕಷ್ಟವಾಗಬಾರದು ಅನ್ನುವುದು ನನ್ನ ಆಸೆ.

ಏಳನೇ ಶನಿವಾರ ಹಿರಿಯರ ಬಳಿ ಹೋಗಿ ಕೇಳಿದೆ: “ಸರ್, ನಾನು ಓದಿದ ಕನ್ನಡ ಪುಸ್ತಕಗಳ ವಿಷಯ ಬರೆದು ತಂದುಕೊಟ್ಟರೆ ಸೇರಿಸ್ತೀರಾ?” ಬೇಡ ಅನ್ನುತ್ತಾರೇನೋ ಎಂದು ಅಳುಕಿತ್ತು. ಅವರು ಕುರ್ಚಿ ಎಳೆದು ಪಕ್ಕದಲ್ಲೇ ಕೂರಿಸಿಕೊಂಡರು. ಐದು ಪುಸ್ತಕಗಳ ದಾಖಲೆ ತೆರೆದು ‘ಜನರಲ್’, ‘ಕನ್ನಡ ಸಾಹಿತ್ಯ’ ಅಳಿಸಿ ‘ಕೆರೆ ನೀರಾವರಿ – ಕರ್ನಾಟಕ’ ಎಂದು ಹಾಕಿದರು. ತೂಬು ಅಂತಲೂ ಹಾಕಿ ಎಂದೆ. “ಪುಸ್ತಕ ಪೂರ್ತಿ ತೂಬಿನ ಬಗ್ಗೆ ಇದ್ರೆ ವಿಷಯ ಅಂತ ಹಾಕಬಹುದು. ಇಲ್ದಿದ್ರೆ ಪರಿವಿಡಿ ಟೈಪ್ ಮಾಡೋಣ. ಅಧ್ಯಾಯದ ಹೆಸರಲ್ಲಿ ತೂಬು ಇದ್ರೆ ಹುಡುಕಿದಾಗ ಸಿಗುತ್ತೆ” ಎಂದರು. ಪರಿವಿಡಿಗಳನ್ನು ನಾನೇ ಓದಿ ಹೇಳಿದೆ, ಅವರು ಟೈಪ್ ಮಾಡಿದರು.

ಮುಂದಿನ ವಾರ ಮಾಮೂಲಿ ಜಾಗದಲ್ಲಿ ಕೂತು ‘ನೀರಗಂಟಿ’ ಎಂದು ಬರೆದು ಒತ್ತಿದೆ. ಒಂದು ಪುಸ್ತಕ ಬಂತು. ಸಂಜೆ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಇನ್ನು ಯಾವ ಯಾವ ಪದ ಹಾಕಿಸಬೇಕು ಎಂದು ಕೇಳಿದ್ದಕ್ಕೆ ಕೋಡಿ, ಏರಿ, ಮದಗ ಎಂದು ಒಂದೊಂದಾಗಿ ಹೇಳುತ್ತಾ ಹೋದರು. ಬರೆದುಕೊಂಡ ಚೀಟಿ ಬ್ಯಾಗಿನಲ್ಲಿದೆ. ಈ ಶನಿವಾರ ತೆಗೆದುಕೊಂಡು ಹೋಗಬೇಕು.